66 ಕುಟುಂಬಕ್ಕೆ 15 ಲಕ್ಷ ಎಕರೆ: ಲಕಾಂದೋನ್ ಕಾಡಿನ ಮುಗಿಯದ ಜಗಳ

1972ರ ಮಾರ್ಚ್ 6ರಂದು ಮೆಕ್ಸಿಕೊ ಸರ್ಕಾರದ ಗೆಜೆಟ್‌ನಲ್ಲಿ ಒಂದು ಆದೇಶ ಬಂತು. ದೇಶದ ದಕ್ಷಿಣ ತುದಿಯ ಚಿಯಾಪಾಸ್ ರಾಜ್ಯದ ಮಳೆಕಾಡಿನಲ್ಲಿ 6,14,321 ಹೆಕ್ಟೇರ್ ಜಾಗವನ್ನು ಲಕಾಂದೋನ್ ಎಂಬ ಮಾಯಾ ಬುಡಕಟ್ಟಿನ 66 ಕುಟುಂಬಗಳಿಗೆ ಬರೆದುಕೊಡಲಾಗಿದೆ ಎಂದು ಅದರಲ್ಲಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 15 ಲಕ್ಷ ಎಕರೆ. ಮನೆಗೆ 23,000 ಎಕರೆ!

ಕೇಳಿದರೆ ಖುಷಿಯಾಗುತ್ತದೆ. ಕಾಡಿನವರಿಗೆ ಕಾಡು ವಾಪಸ್ ಸಿಕ್ಕಿತಲ್ಲ ಅಂತ. ಆದರೆ ಅದೇ ಜಾಗದಲ್ಲಿ ಆಗ ಬೇರೆ ಮಾಯಾ ಭಾಷೆಗಳನ್ನಾಡುವ ಸಾವಿರಾರು ಕುಟುಂಬಗಳಿದ್ದವು. ಅವರೂ ಮನೆ ಕಟ್ಟಿಕೊಂಡು, ಮೆಕ್ಕೆಜೋಳ ಬಿತ್ತಿಕೊಂಡು ಬದುಕುತ್ತಿದ್ದರು. ಅವರಲ್ಲಿ ಕೆಲವರ ಪಟ್ಟಾ ಅರ್ಜಿ ಸರ್ಕಾರದ ಕಚೇರಿಯಲ್ಲೇ ದೂಳು ತಿನ್ನುತ್ತಿತ್ತು. ಆದೇಶ ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಂದೇ ಸಹಿಗೆ ಅವರೆಲ್ಲ ಒತ್ತುವರಿದಾರರಾದರು.

ಈ ಕಾಡಿನ ಬಗ್ಗೆ ಇವತ್ತು ಬರುವ ಯಾವ ಸುದ್ದಿ ತೆಗೆದುಕೊಂಡರೂ, ಅದು ಒಕ್ಕಲೆಬ್ಬಿಸುವುದಿರಲಿ, ಕಾಡು ಹಿಡಿದಿಡುವ ಇಂಗಾಲಕ್ಕೆ ಕೊಡುವ ಕಾರ್ಬನ್ ಹಣ ಇರಲಿ, 1994ರ ಜಪಾಟಿಸ್ತಾ ರೈತರ ದಂಗೆ ಇರಲಿ, ಎಳೆ ಹಿಡಿದು ಹೋದರೆ ಆ ಆದೇಶಕ್ಕೇ ಬಂದು ನಿಲ್ಲುತ್ತದೆ. ಆದೇಶವನ್ನು ಬರೆದವರು ಒಂದು ಮಾತನ್ನು ಗಟ್ಟಿಯಾಗಿ ನಂಬಿದ್ದರು, ಅಥವಾ ನಂಬಿದಂತೆ ನಟಿಸಿದ್ದರು: ಈ ಕಾಡು ಅನಾದಿಯಿಂದ ಹೀಗೇ ಇದೆ, ಇದಕ್ಕೆ ಅನಾದಿಯಿಂದ ಒಬ್ಬರೇ ವಾರಸುದಾರರು. ಎರಡೂ ಸುಳ್ಳು.

ಊರಿನ ಮೇಲೆ ಬೆಳೆದ ಕಾಡು

ಲಕಾಂದೋನ್ ಕಾಡು ಮೆಕ್ಸಿಕೊ ಮತ್ತು ಗ್ವಾಟೆಮಾಲ ಗಡಿಯಲ್ಲಿದೆ. ಉಸುಮಾಸಿಂತಾ ಎಂಬ ದೊಡ್ಡ ನದಿಯೇ ಅಲ್ಲಿ ಗಡಿ. ಒಂದು ಕಾಲಕ್ಕೆ ಸುಮಾರು 18 ಲಕ್ಷ ಹೆಕ್ಟೇರ್ ಇದ್ದದ್ದು, ಈಗ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದೆ. ಉಳಿದ ಭಾಗದಲ್ಲಿ ಜಾಗ್ವಾರ್ ಇದೆ, ಟೇಪಿರ್ ಇದೆ, ಕಡುಗೆಂಪು ಮಕಾವ್ ಗಿಳಿಗಳಿವೆ. ನಮ್ಮ ಹಿತ್ತಲಿನ ಸಪೋಟ ಮರದ ತವರೂ ಆ ಕಡೆಯದೇ. ಕಾಯಿ ಕಿತ್ತಾಗ ಕೈಗೆ ಅಂಟುತ್ತದಲ್ಲ ಬಿಳಿ ಹಾಲು, ಅದನ್ನು ಕಾಡಿನಲ್ಲೇ ಕಾಯಿಸಿ ಗಟ್ಟಿ ಮಾಡಿ ಒಂದು ಕಾಲದಲ್ಲಿ ಅಮೆರಿಕದ ಚ್ಯೂಯಿಂಗ್ ಗಮ್ ಕಂಪನಿಗಳಿಗೆ ಕಳಿಸುತ್ತಿದ್ದರು.

ಹೊರಗಿನವರಿಗೆ ಇದು ಮನುಷ್ಯರು ಮುಟ್ಟದ ಕಾಡು. ಆದರೆ 1,300 ವರ್ಷದ ಹಿಂದೆ ಇಲ್ಲಿ ಜನ ಗಿಜಿಗುಟ್ಟುತ್ತಿದ್ದರು. ಉತ್ತರದ ಅಂಚಿನಲ್ಲಿ ಪಾಲೆಂಕೆ, ನದಿಯ ತಿರುವಿನಲ್ಲಿ ಯಾಶ್ಚಿಲಾನ್, ಒಳಗೆ ಬೊನಾಂಪಾಕ್. ಒಂದೊಂದೂ ಒಂದೊಂದು ರಾಜಧಾನಿ. ಪರಸ್ಪರ ಮದುವೆ, ಪರಸ್ಪರ ಯುದ್ಧ.

ಯಾಶ್ಚಿಲಾನ್‌ನ ಒಂದು ಬಾಗಿಲ ಮೇಲಿದ್ದ ಕಲ್ಲನ್ನು ನೋಡಿ. ರಾಜ ಎತ್ತರದ ಪಂಜು ಹಿಡಿದು ನಿಂತಿದ್ದಾನೆ. ಎದುರಿಗೆ ರಾಣಿ ಕಬಾಲ್ ಶೋಕ್ ಮಂಡಿಯೂರಿದ್ದಾಳೆ. ಮುಳ್ಳು ಕಟ್ಟಿದ ಹಗ್ಗವನ್ನು ತನ್ನ ನಾಲಿಗೆಯಲ್ಲಿ ತೂರಿಸಿ ಎಳೆಯುತ್ತಿದ್ದಾಳೆ. ರಕ್ತ ಬಿದ್ದ ಕಾಗದದ ಚೂರುಗಳು ಕೆಳಗೆ ಬುಟ್ಟಿಯಲ್ಲಿವೆ. ಕ್ರಿ.ಶ. 709ರ ಆಚರಣೆ ಅದು. ಅವಳ ಮೇಲುಡುಗೆಯ ನೇಯ್ಗೆಯನ್ನು ಎಳೆ ಎಳೆಯಾಗಿ ಕೆತ್ತಿದ್ದಾರೆ. ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 1880ರ ದಶಕದಲ್ಲಿ ಆಲ್ಫ್ರೆಡ್ ಮಾಡ್‌ಸ್ಲೇ ಎಂಬ ಇಂಗ್ಲಿಷಿನವನು ಸಾಗಿಸಿದ್ದು.

ಬೊನಾಂಪಾಕ್‌ನದು ಇನ್ನೊಂದು ಬಗೆ. ಒಂದೇ ಕಟ್ಟಡ, ಮೂರು ಕೋಣೆ, ಗೋಡೆ ತುಂಬ ಬಣ್ಣದ ಚಿತ್ರ. ಮೊದಲನೆಯದರಲ್ಲಿ ವಾದ್ಯದವರ ಮೆರವಣಿಗೆ, ನಡುವಿನದರಲ್ಲಿ ಕಾಳಗ ಮತ್ತು ಬೆರಳ ತುದಿಯಿಂದ ರಕ್ತ ಸುರಿಯುವ ಸೆರೆಯಾಳುಗಳು, ಮೂರನೆಯದರಲ್ಲಿ ಕುಣಿತ. ಬರೆದದ್ದು 790ರ ಸುಮಾರಿಗೆ. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಈ ಊರುಗಳೆಲ್ಲ ಒಂದೊಂದಾಗಿ ಖಾಲಿಯಾದವು. ಯಾಶ್ಚಿಲಾನ್‌ನಲ್ಲಿ ಕೊರೆದ ಕೊನೆಯ ತೇದಿ 808. ಗದ್ದೆಗಳ ಮೇಲೆ, ಅರಮನೆಗಳ ಮೇಲೆ ಮರ ಎದ್ದವು. ಇವತ್ತು ನಾವು ಆದಿಕಾಲದ ಕಾಡು ಎಂದು ಫೋಟೊ ತೆಗೆಯುವುದರಲ್ಲಿ ಬಹುಪಾಲು ಈ ಪಾಳುಬಿದ್ದ ಹೊಲಗಳ ಮೇಲೆ ಎದ್ದದ್ದು.

ಹೆಸರು ಉಳಿಯಿತು, ಜನ ಉಳಿಯಲಿಲ್ಲ

ಸ್ಪೇನಿನವರು ಬಂದಾಗ ಈ ಕಾಡಿನಲ್ಲಿ ಚೋಲ್ತಿ ಎಂಬ ಮಾಯಾ ಭಾಷೆ ಆಡುವವರಿದ್ದರು. ಅವರ ಮುಖ್ಯ ಊರು ಮಿರಾಮಾರ್ ಸರೋವರದ ನಡುಗಡ್ಡೆಯ ಮೇಲಿದ್ದ ಲಕಾಮ್‌ತುನ್. ಸ್ಪೇನಿನವರ ಬಾಯಲ್ಲಿ ಆ ಊರ ಹೆಸರೇ ಲಕಾಂದೋನ್ ಆಯಿತು. ಸುತ್ತಲಿನ ನಾಡೆಲ್ಲ ಶರಣಾದರೂ ಇವರು ಬಗ್ಗಲಿಲ್ಲ. 1559ರಲ್ಲಿ ದಂಡು ಬಂತು. 1586ರಲ್ಲಿ ಮತ್ತೆ ಬಂದು ನಡುಗಡ್ಡೆಯ ಊರನ್ನು ನೆಲಸಮ ಮಾಡಿತು. ಉಳಿದವರು ಕಾಡಿನ ಇನ್ನೂ ಒಳಕ್ಕೆ ಹೋಗಿ ಸಾಕ್ ಬಲಾಮ್ ಎಂಬ ಹೊಸ ಊರು ಕಟ್ಟಿಕೊಂಡರು. ನೂರಕ್ಕೂ ಜಾಸ್ತಿ ವರ್ಷ ಅಲ್ಲಿ ಯಾರ ಕೈಗೂ ಸಿಗದೆ ಬದುಕಿದರು.

1695ರಲ್ಲಿ ಆ ಊರೂ ಸಿಕ್ಕಿಬಿತ್ತು. ಸ್ಪೇನಿನವರು ಅದಕ್ಕೆ ಮೇರಿ ಮಾತೆಯ ಹೆಸರಿಟ್ಟರು. ಆಮೇಲೆ ಅಲ್ಲಿದ್ದವರನ್ನೆಲ್ಲ ಎಬ್ಬಿಸಿ ಗ್ವಾಟೆಮಾಲದ ಕಡೆ ಸಾಗಿಸಿದರು. ರೋಗ, ಹಸಿವು. 18ನೇ ಶತಮಾನದಲ್ಲಿ ಆ ಜನ, ಆ ಭಾಷೆ ಎರಡೂ ಇಲ್ಲವಾದವು. ಆ ಊರು ಎಲ್ಲಿತ್ತು ಎಂಬುದೇ ಮರೆತುಹೋಗಿತ್ತು. 2025ರ ಜುಲೈನಲ್ಲಿ ಮೆಕ್ಸಿಕೊದ ಪುರಾತತ್ವ ಇಲಾಖೆ, ಹತಾತೆ ಮತ್ತು ಇಶ್ಕಾನ್ ನದಿಗಳ ಹತ್ತಿರ ಒಂದು ನಿವೇಶನ ಸಿಕ್ಕಿದೆ, ಅದೇ ಸಾಕ್ ಬಲಾಮ್ ಇರಬಹುದು ಎಂದು ಹೇಳಿತು. ಹಳೇ ಪಾದ್ರಿಗಳು ದಿನಕ್ಕೆ ಎಷ್ಟು ದೂರ ನಡೆದೆವು, ಎಷ್ಟು ಹೊರೆ ಇತ್ತು ಎಂದು ಬರೆದಿಟ್ಟದ್ದನ್ನು ಕಂಪ್ಯೂಟರ್ ನಕ್ಷೆಗೆ ಹಾಕಿ ಜಾಗ ಹುಡುಕಿದ್ದಂತೆ.

ಹಾಗಾದರೆ ಇವತ್ತಿನ ಲಕಾಂದೋನರು ಯಾರು? ಅವರು ಉತ್ತರದ ಯುಕಟಾನ್ ಮತ್ತು ಗ್ವಾಟೆಮಾಲದ ಪೆಟೆನ್ ಕಡೆಯಿಂದ ಸ್ಪೇನಿನವರ ಕಾಟ ತಪ್ಪಿಸಿಕೊಂಡು ಬಂದವರ ವಂಶ. ಖಾಲಿಯಾಗಿದ್ದ ಕಾಡಿಗೆ 17, 18ನೇ ಶತಮಾನಗಳಲ್ಲಿ ಸಣ್ಣ ಸಣ್ಣ ಗುಂಪಾಗಿ ಸೇರಿಕೊಂಡರು. ತಮ್ಮನ್ನು ತಾವು ಹಾಚ್ ವಿನಿಕ್ ಎಂದುಕೊಳ್ಳುತ್ತಾರೆ. ಹಳೇ ಲಕಾಂದೋನರ ಚೋಲ್ತಿಗೂ ಇವರ ಯುಕಟೆಕ್ ನುಡಿಗೂ ಇರುವ ನಂಟು ಕನ್ನಡಕ್ಕೂ ತೆಲುಗಿಗೂ ಇರುವಂಥದ್ದು: ಕುಟುಂಬ ಒಂದೇ, ಮಾತು ಬೇರೆ. ಕಾಡಿನ ಹೆಸರು ಇವರಿಗೆ ಅಂಟಿಕೊಂಡಿತು ಅಷ್ಟೇ. ಅಂದರೆ ಇವರೂ ಒಂದು ಕಾಲದಲ್ಲಿ ವಲಸೆ ಬಂದವರೇ. ಇದನ್ನು ಹೇಳಿದರೆ ಅವರ ಹಕ್ಕು ಕಮ್ಮಿಯಾಗುವುದಿಲ್ಲ. ಮುನ್ನೂರು ವರ್ಷ ಇದ್ದವರ ಹಕ್ಕು ಸಣ್ಣದಲ್ಲ. ಆದರೆ ಅನಾದಿಯ ವಾರಸುದಾರರು ಎಂಬ ಸರ್ಕಾರದ ಮಾತು ನಿಲ್ಲುವುದಿಲ್ಲ.

ಅವರ ಬೇಸಾಯದ ಬಗ್ಗೆ ಎರಡು ಮಾತು ಹೇಳಲೇಬೇಕು. ಮಿಲ್ಪಾ ಎನ್ನುವ ಹೊಲಕ್ಕೆ ಸಣ್ಣ ತುಂಡು ಕಾಡನ್ನು ಕಡಿದು, ಒಣಗಿಸಿ, ಮಳೆಗೆ ಮುಂಚೆ ಸುಡುತ್ತಾರೆ. ಮೆಕ್ಕೆಜೋಳದ ಜೊತೆ ಹುರುಳಿಕಾಯಿ ಜಾತಿಯ ಬೀನ್ಸ್, ಕುಂಬಳ, ಗೆಣಸು, ಮರಗೆಣಸು, ಮೆಣಸಿನಕಾಯಿ, ಪರಂಗಿ, ತಂಬಾಕು ಎಲ್ಲ ಒಂದೇ ಹೊಲದಲ್ಲಿ. ನೋಡಿದವರಿಗೆ ಹೊಲವೋ ಪೊದೆಯೋ ಗೊತ್ತಾಗುವುದಿಲ್ಲ. ಕೆಲವು ವರ್ಷ ಬೆಳೆ ತೆಗೆದ ಮೇಲೆ ಬೀಳು ಬಿಡುತ್ತಾರೆ. ಆದರೆ ಸುಮ್ನೆ ಬಿಟ್ಟು ಹೋಗುವುದಿಲ್ಲ. ಚುಹುಮ್ ಎಂದು ಕರೆಯುವ ಬಾಲ್ಸಾ ಮರದ ಬೀಜ ಎರಚುತ್ತಾರೆ. ಅದು ಸರಸರ ಬೆಳೆದು ರಾಶಿ ಎಲೆ ಉದುರಿಸುತ್ತದೆ. ಮಣ್ಣಿಗೆ ಗೊಬ್ಬರ, ಹೊಲಕ್ಕೆ ನುಗ್ಗುವ ಜರೀಗಿಡಕ್ಕೆ ನೆರಳಿನ ಏಟು. ಬೀಳು ಬಿದ್ದ ಜಾಗದಲ್ಲೂ ಹಣ್ಣಿನ ಮರ, ಮದ್ದಿನ ಗಿಡ ಉಳಿಸಿಕೊಂಡು ಹೋಗುತ್ತಾರೆ. ಪರಿಸರ ವಿಜ್ಞಾನಿಗಳು ಇದನ್ನು ವರ್ಷಗಟ್ಟಲೆ ಅಳೆದು ನೋಡಿ, ಹಾಳಾದ ಜಾಗ ಸರಿಮಾಡಲು ಇದೇ ದಾರಿ ಅಂದಿದ್ದಾರೆ.

ಒಂದೇ ಷರತ್ತು. ಜನ ಕಮ್ಮಿ ಇರಬೇಕು, ಜಾಗ ಜಾಸ್ತಿ ಇರಬೇಕು. ಲಕಾಂದೋನರು ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಕೆಲವೇ ನೂರು ಮಂದಿ. ಈಗಲೂ ಸಾವಿರದ ಆಸುಪಾಸು.

ಮಹಾಗನಿ, ಆಮೇಲೆ ಜನ

ಕಾಡಿಗೆ ಮೊದಲ ದೊಡ್ಡ ಏಟು ಕೊಟ್ಟವರು ರೈತರಲ್ಲ, ಮರದ ವ್ಯಾಪಾರಿಗಳು. 19ನೇ ಶತಮಾನದ ಕೊನೆಗೆ ಯುರೋಪಿಗೆ, ಅಮೆರಿಕಕ್ಕೆ ಮಹಾಗನಿಯ ಹುಚ್ಚು. ಪಕ್ಕದ ತಬಾಸ್ಕೊ ರಾಜ್ಯದ ವ್ಯಾಪಾರಿ ಮನೆತನಗಳು ಸರ್ಕಾರದಿಂದ ಲಕ್ಷಗಟ್ಟಲೆ ಎಕರೆ ಬರೆಸಿಕೊಂಡವು. ಕಾಡಿನ ಒಂದು ಭಾಗಕ್ಕೆ ಇವತ್ತೂ ಸ್ಪೇನಿನ ಒಬ್ಬ ಸಾಹುಕಾರನ ಬಿರುದಿನ ಹೆಸರೇ ಇದೆ: ಮಾರ್ಕೆಸ್ ದೆ ಕೊಮಿಯಾಸ್.

ಕೂಲಿಗಳನ್ನು ಹಿಡಿಯುವ ರೀತಿ ನಮಗೇನೂ ಹೊಸದಲ್ಲ. ಮುಂಗಡ ಕೊಡುವುದು, ಕುಡಿಸುವುದು, ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಬೆಟ್ಟದ ಮೇಲಿನ ತ್ಸೆಲ್ತಾಲ್, ತ್ಸೊತ್ಸಿಲ್ ಎಂಬ ಮಾಯಾ ಭಾಷೆಗಳನ್ನಾಡುವ ಹಳ್ಳಿಗಳ ಗಂಡಸರು ಹೀಗೆ ಕಾಡಿಗಿಳಿದರು. ಅಲ್ಲಿ ಅಕ್ಕಿ ಬೇಳೆಯಿಂದ ಕೊಡಲಿಯವರೆಗೆ ಎಲ್ಲವೂ ಧಣಿಯ ಅಂಗಡಿಯಲ್ಲೇ, ಧಣಿ ಹೇಳಿದ ರೇಟಿಗೇ. ಸಾಲ ತೀರುತ್ತಿರಲಿಲ್ಲ. ಓಡಿಹೋದರೆ ಹಿಡಿದು ತಂದು ಹೊಡೆಯುತ್ತಿದ್ದರು. ಕಡಿದ ದಿಮ್ಮಿಗೆ ಕಂಪನಿಯ ಗುರುತು ಹೊಡೆದು, ಎತ್ತುಗಳಿಂದ ಹೊಳೆದಂಡೆಗೆ ಎಳೆಸಿ, ಮಳೆಗಾಲದ ನೆರೆ ಬಂದಾಗ ತೇಲಿಬಿಡುತ್ತಿದ್ದರು. ಕೆಳಗೆ ತೆನೊಸಿಕೆ ಎಂಬಲ್ಲಿ ನದಿ ಬೆಟ್ಟ ಬಿಟ್ಟು ಬಯಲಿಗೆ ಬರುತ್ತದೆ. ಅಲ್ಲಿ ಹಿಡಿದು ಗುರುತು ನೋಡಿ ಬೇರ್ಪಡಿಸುತ್ತಿದ್ದರು. ಈ ದಂಧೆ ಇಪ್ಪತ್ತನೇ ಶತಮಾನದ ನಡುವಿನವರೆಗೂ ನಡೆಯಿತು.

ಮರದವರು ಹೋದ ಮೇಲೆ ರೈತರು ಬಂದರು. ಇವರನ್ನು ಕಾಡು ನುಂಗಲು ಬಂದವರು ಎಂದು ಬೈಯುವುದು ಸುಲಭ. ಆದರೆ ಎಲ್ಲಿಂದ ಬಂದರು ನೋಡಿ. ಬಹಳಷ್ಟು ಜನ ಒಕೊಸಿಂಗೊ, ಆಲ್ತಮಿರಾನೊ ಸುತ್ತಲಿನ ದೊಡ್ಡ ಜಮೀನ್ದಾರರ ಎಸ್ಟೇಟುಗಳಲ್ಲಿ ತಲೆಮಾರುಗಟ್ಟಲೆ ಜೀತದಂತೆ ದುಡಿದವರು. ಮೆಕ್ಸಿಕೊ ಕ್ರಾಂತಿಯ ನಂತರ ಉಳುವವನಿಗೆ ಭೂಮಿ ಎಂಬ ಕಾನೂನು ಬಂತು. ಚಿಯಾಪಾಸ್‌ನಲ್ಲಿ ಜಮೀನ್ದಾರರನ್ನು ಮುಟ್ಟುವ ಧೈರ್ಯ ಸರ್ಕಾರಕ್ಕಿರಲಿಲ್ಲ. ಭೂಮಿ ಕೇಳಿದವರಿಗೆ ಕಾಡು ತೋರಿಸಿತು. 1940, 50ರ ದಶಕಗಳಿಂದ ತ್ಸೆಲ್ತಾಲ್, ಚೋಲ್, ತೊಜೊಲಬಾಲ್, ತ್ಸೊತ್ಸಿಲ್ ಕುಟುಂಬಗಳು ಕಣಿವೆಗಳಿಗೆ ಇಳಿದವು. ಎಖಿದೊ ಎಂಬ ಸಾಮೂಹಿಕ ಒಡೆತನದ ಊರುಗಳನ್ನು ಕಟ್ಟಿದವು. ಅವಕ್ಕೆ ಸರ್ಕಾರಿ ಸಾಲದಲ್ಲಿ ದನ ಬಂದವು. ದನಕ್ಕೆ ಹುಲ್ಲುಗಾವಲು ಬೇಕು. ಕಾಡು ಕರಗಿತು.

ಆದೇಶದ ಹಿಂದಿನ ಲೆಕ್ಕ

ಈಗ 1972ಕ್ಕೆ ಬರೋಣ. ಅಧ್ಯಕ್ಷ ಲೂಯಿಸ್ ಎಚೆವೆರಿಯಾ ಸರ್ಕಾರ ಲಕಾಂದೋನರಿಗೆ ಭೂಮಿ ಕೊಟ್ಟು ಎರಡು ವರ್ಷಕ್ಕೆ, 1974ರಲ್ಲಿ, ಕೊಫೊಲಾಸಾ ಎಂಬ ಸರ್ಕಾರಿ ಮರದ ಕಂಪನಿ ಹುಟ್ಟಿತು. ಮರ ಕಡಿಯುವ ಒಪ್ಪಂದ ಯಾರ ಜೊತೆ? ಹೊಸ ಮಾಲೀಕರ ಜೊತೆ. ಸಾವಿರಾರು ಕುಟುಂಬ, ಹತ್ತಾರು ಹಳ್ಳಿ, ನಾಲ್ಕು ಭಾಷೆಯವರ ಜೊತೆ ಕೂತು ಚೌಕಾಸಿ ಮಾಡುವುದಕ್ಕಿಂತ 66 ಮನೆಗಳ ಜೊತೆ ಮಾತಾಡುವುದು ಎಷ್ಟು ಹಗುರ! ನನಗಂತೂ ಇಡೀ ಕಥೆಯಲ್ಲಿ ಅತ್ಯಂತ ಜಾಣತನದ ಮತ್ತು ಅತ್ಯಂತ ನಾಚಿಕೆಗೇಡಿನ ಭಾಗ ಇದೇ ಅನಿಸುತ್ತದೆ. ಆದಿವಾಸಿ ಹಕ್ಕಿನ ಹೆಸರಲ್ಲಿ ಮರದ ಗುತ್ತಿಗೆ.

ಒಳಗೆ ಸಿಕ್ಕಿಬಿದ್ದ ತ್ಸೆಲ್ತಾಲ್ ಮತ್ತು ಚೋಲ್ ಜನರ ಮುಂದೆ ಎರಡು ದಾರಿ ಇಟ್ಟರು. ಚದುರಿದ ಹಳ್ಳಿಗಳನ್ನು ಬಿಟ್ಟು ಸರ್ಕಾರ ಕಟ್ಟುವ ಹೊಸ ಊರಿಗೆ ಬಂದರೆ ಹಕ್ಕು ಸಿಗುತ್ತದೆ. ಇಲ್ಲದಿದ್ದರೆ ಇಲ್ಲ. 1976ರ ಸುಮಾರಿಗೆ ಚೋಲ್ ಜನರನ್ನು ನದಿದಂಡೆಯ ಒಂದು ಊರಿಗೆ, ತ್ಸೆಲ್ತಾಲರನ್ನು ಇನ್ನೊಂದಕ್ಕೆ ಸೇರಿಸಿದರು. ಮೊದಲನೆಯದಕ್ಕೆ ಅಧ್ಯಕ್ಷರ ಹೆಸರು, ಎರಡನೆಯದಕ್ಕೆ ರಾಜ್ಯಪಾಲರ ಹೆಸರು ಇಟ್ಟಿದ್ದರು. ಜನ ಅವೆರಡನ್ನೂ ಇಟ್ಟುಕೊಳ್ಳಲಿಲ್ಲ. ಈಗ ಅವು ಫ್ರೊಂತೆರಾ ಕೊರೊಸಾಲ್ ಮತ್ತು ನುಯೆವಾ ಪಾಲೆಸ್ತಿನಾ. ಆಮೇಲೆ ಈ ಎರಡು ಊರಿನವರನ್ನೂ ಲಕಾಂದೋನ್ ಸಮುದಾಯದ ಜಂಟಿ ಮಾಲೀಕರನ್ನಾಗಿ ಸೇರಿಸಿಕೊಂಡರು. ತಲೆ ಎಣಿಸಿದರೆ ತ್ಸೆಲ್ತಾಲರೇ ಜಾಸ್ತಿ. ಆದರೆ ಸಮುದಾಯದ ಅಧ್ಯಕ್ಷ ಸ್ಥಾನ ಲಕಾಂದೋನರಿಗೆ ಮೀಸಲು.

ಬರಲು ಒಪ್ಪದವರು ಕಣಿವೆಗಳಲ್ಲೇ ಉಳಿದರು. 1974ರಲ್ಲಿ ಬಿಷಪ್ ಸಾಮುವೆಲ್ ರುಯಿಸ್ ಅವರ ನೆರವಿನಿಂದ ಚಿಯಾಪಾಸ್‌ನ ಸಾನ್ ಕ್ರಿಸ್ತೊಬಾಲ್ ಪಟ್ಟಣದಲ್ಲಿ ಆದಿವಾಸಿ ಸಮಾವೇಶ ನಡೆದಾಗ ತ್ಸೆಲ್ತಾಲ್, ತ್ಸೊತ್ಸಿಲ್, ಚೋಲ್, ತೊಜೊಲಬಾಲ್ ನಾಲ್ಕೂ ಭಾಷೆಯವರು ಮೊದಲ ಸಲ ಒಟ್ಟಿಗೆ ಕೂತು ಭೂಮಿಯ ಮಾತಾಡಿದರು. ಮರುವರ್ಷ ಕಣಿವೆಯ ಎಖಿದೊಗಳು ಸೇರಿ ಸಂಘ ಕಟ್ಟಿದವು. ಲಕಾಂದೋನ್ ಗಡಿಯ ಗೆರೆ ಎಳೆಯಲು ಬಂದ ಸರ್ವೆಯವರನ್ನು ತಡೆಯುವುದೇ ಅವರ ದೊಡ್ಡ ಹೋರಾಟವಾಯಿತು.

ಅಷ್ಟರಲ್ಲಿ 1978ರ ಜನವರಿಯಲ್ಲಿ ಇನ್ನೊಂದು ಗೆರೆ ಬಿತ್ತು. 3,31,200 ಹೆಕ್ಟೇರಿನ ಮೊಂತೆಸ್ ಅಸೂಲೆಸ್ ಸಂರಕ್ಷಿತ ಜೀವಗೋಲ. ಅದರ ಬಹುಪಾಲು ಲಕಾಂದೋನರಿಗೆ ಕೊಟ್ಟ ಭೂಮಿಯ ಮೇಲೇ ಕೂತಿತು, ಒಂದಷ್ಟು ಎಖಿದೊಗಳ ಮೇಲೂ. ಒಂದೇ ಹೊಲಕ್ಕೆ ಮೂರು ನಕ್ಷೆ. ಒಂದರಲ್ಲಿ ಅದು ಎಖಿದೊ, ಇನ್ನೊಂದರಲ್ಲಿ ಲಕಾಂದೋನ್ ಆಸ್ತಿ, ಮತ್ತೊಂದರಲ್ಲಿ ಜಾಗ್ವಾರ್ ಕಾಡು. 1980ರ ದಶಕದ ಶುರುವಿನಲ್ಲಿ ಗ್ವಾಟೆಮಾಲ ಸೇನೆಯ ಹತ್ಯಾಕಾಂಡಕ್ಕೆ ಹೆದರಿ ಹತ್ತಾರು ಸಾವಿರ ಮಾಯಾ ನಿರಾಶ್ರಿತರು ಗಡಿ ದಾಟಿ ಬಂದದ್ದೂ ಇಲ್ಲಿಗೇ.

1983ರ ನವೆಂಬರ್ 17ರಂದು ಈ ಕಾಡಿನಲ್ಲೇ ಜಪಾಟಿಸ್ತಾ ಸೇನೆ ಹುಟ್ಟಿತು. 1992ರಲ್ಲಿ ಮೆಕ್ಸಿಕೊ ಸಂವಿಧಾನದ 27ನೇ ವಿಧಿಗೆ ತಿದ್ದುಪಡಿ ತಂದು ಭೂಮಿ ಹಂಚಿಕೆಯನ್ನೇ ನಿಲ್ಲಿಸಿದರು. ಕಚೇರಿಯಲ್ಲಿ ದೂಳು ತಿನ್ನುತ್ತಿದ್ದ ಅರ್ಜಿಗಳಿಗೆ ಇನ್ನು ಉತ್ತರವೇ ಬರುವುದಿಲ್ಲ ಎಂದಾಯಿತು. 1994ರ ಜನವರಿ 1ರಂದು, ಅಮೆರಿಕ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಾದ ದಿನವೇ, ಮುಸುಕು ಹಾಕಿದ ರೈತರು ಸಾನ್ ಕ್ರಿಸ್ತೊಬಾಲ್, ಒಕೊಸಿಂಗೊ ಮತ್ತಿತರ ಪಟ್ಟಣಗಳನ್ನು ಹಿಡಿದರು. ಕಾಳಗ ಹನ್ನೆರಡು ದಿನ. ತಮ್ಮ ಘೋಷಣೆಗೆ ಅವರು ಇಟ್ಟ ಹೆಸರು ಲಕಾಂದೋನ್ ಕಾಡಿನ ಘೋಷಣೆ. ಆದರೆ ಸೇನೆಯಲ್ಲಿದ್ದವರು ಹೆಚ್ಚಾಗಿ ಕಣಿವೆಯ ತ್ಸೆಲ್ತಾಲ್, ತೊಜೊಲಬಾಲ್, ಚೋಲ್, ತ್ಸೊತ್ಸಿಲ್ ಜನ. ಲಕಾಂದೋನರು ಬಹುತೇಕ ದೂರವೇ ಉಳಿದರು. ಪಟ್ಟಾ ಕೈಯಲ್ಲಿದ್ದವರಿಗೆ ಬಂದೂಕು ಯಾಕೆ?

ಕಾಡು ಕಾಯುವವರಿಗೆ ದುಡ್ಡು

ಲಕಾಂದೋನರ ಮುಖ ಲೋಕಕ್ಕೆ ಗೊತ್ತಾದದ್ದು ಹೆಚ್ಚಾಗಿ ಫೋಟೊಗಳಿಂದ. ಸ್ವಿಟ್ಜರ್ಲೆಂಡಿನ ಗೆರ್ಟ್ರೂಡ್ ಬ್ಲೋಮ್ 1943ರಿಂದ ಅರ್ಧ ಶತಮಾನ ಇವರ ಚಿತ್ರ ತೆಗೆದರು, ಕಾಡಿಗಾಗಿ ಗಂಟಲು ಹರಿಯುವಂತೆ ಕೂಗಿದರು. ಉದ್ದ ಕೂದಲು, ಬಿಳಿ ನಿಲುವಂಗಿ, ದೋಣಿ, ಮಂಜು. ಆ ಚಿತ್ರಗಳಿಗೆ ಬೆಲೆ ಇದೆ. ಅದರ ಇನ್ನೊಂದು ಮಗ್ಗುಲು ಏನೆಂದರೆ, ಚಿತ್ರದಲ್ಲಿಲ್ಲದ ತ್ಸೆಲ್ತಾಲ್ ರೈತ ತಾನಾಗಿಯೇ ಖಳನಾದ.

ಹಣವೂ ಅದೇ ದಾರಿ ಹಿಡಿಯಿತು. 2010ರಲ್ಲಿ ಚಿಯಾಪಾಸ್ ರಾಜ್ಯ ಕ್ಯಾಲಿಫೋರ್ನಿಯಾ ಜೊತೆ ಕಾರ್ಬನ್ ಒಡಂಬಡಿಕೆ ಮಾಡಿಕೊಂಡಿತು. ಮರುವರ್ಷ ಲಕಾಂದೋನ್ ಸಮುದಾಯದ ಹಕ್ಕುದಾರರಿಗೆ ಕಾಡು ಕಾಯುವುದಕ್ಕೆ ತಿಂಗಳಿಗೆ 2,000 ಪೆಸೊ ಕೊಡಲು ಶುರು ಮಾಡಿತು. ಪಟ್ಟಿಯಲ್ಲಿದ್ದರೆ ದುಡ್ಡು, ಇಲ್ಲದಿದ್ದರೆ ಒಕ್ಕಲೆಬ್ಬಿಸುವ ನೋಟಿಸು. 2019ರಲ್ಲಿ ಒಕ್ಕೂಟ ಸರ್ಕಾರ ಇನ್ನೊಂದು ಯೋಜನೆ ತಂದಿತು. ಎರಡೂವರೆ ಹೆಕ್ಟೇರಿನಲ್ಲಿ ಹಣ್ಣಿನ ಮತ್ತು ಮರಮುಟ್ಟಿನ ಗಿಡ ನೆಟ್ಟ ರೈತನಿಗೆ ತಿಂಗಳಿಗೆ 5,000 ಪೆಸೊ. ಇರುವ ಕುರುಚಲು ಕಾಡನ್ನೇ ಸವರಿ, ಖಾಲಿ ಜಾಗ ತೋರಿಸಿ, ಗಿಡ ನೆಟ್ಟು ದುಡ್ಡು ಎತ್ತುತ್ತಾರೆ ಎಂಬ ದೂರು ಬೇಗನೆ ಬಂತು. ಮಾರ್ಕೆಸ್ ದೆ ಕೊಮಿಯಾಸ್ ಕಡೆ ಈಗ ಎಣ್ಣೆ ತಾಳೆ ತೋಟಗಳು ಎದ್ದಿವೆ.

ಲಕಾಂದೋನರೂ ಚಿತ್ರದಲ್ಲಿದ್ದಂತೆ ಉಳಿದಿಲ್ಲ. ನಾಹಾ, ಮೆತ್ಸಬೊಕ್, ಲಕಾಂಹಾ ಊರುಗಳಲ್ಲಿ ಟಿವಿ ಇದೆ, ಜೀನ್ಸ್ ಇದೆ. ಲಕಾಂಹಾದ ಬಹುಪಾಲು ಜನ ಪ್ರಾಟೆಸ್ಟೆಂಟರಾಗಿ ದಶಕಗಳೇ ಆದವು. ಹಳೇ ದೇವರುಗಳಿಗೆ ಧೂಪ ಹಾಕುತ್ತಿದ್ದ ನಾಹಾದ ಹಿರಿಯ ಚಾನ್ ಕಿನ್ 1996ರ ಕೊನೆಯಲ್ಲಿ ತೀರಿಕೊಂಡರು. ಬೊನಾಂಪಾಕ್‌ಗೆ ಹೋಗುವವರು ಕೊನೆಯ ಕೆಲವು ಕಿಲೋಮೀಟರ್ ಲಕಾಂದೋನರ ವ್ಯಾನ್ ಹತ್ತಲೇಬೇಕು. ಯಾಶ್ಚಿಲಾನ್‌ಗೆ ರಸ್ತೆ ಇಲ್ಲ, ಫ್ರೊಂತೆರಾ ಕೊರೊಸಾಲ್‌ನಿಂದ ಚೋಲ್ ಜನರ ದೋಣಿಯಲ್ಲೇ ಹೋಗಬೇಕು. ಜಗಳವಾಡುತ್ತಲೇ ಹೀಗೊಂದು ಪಾಲು ಮಾಡಿಕೊಂಡಿದ್ದಾರೆ. ಪ್ರವಾಸಿ ಬಂದರೆ ಇಬ್ಬರಿಗೂ ದುಡಿಮೆ.

ಪ್ರವಾಸಿ ಬರುವುದು ಮಾತ್ರ ಈಚೆಗೆ ಕಷ್ಟವಾಗಿದೆ. ಗಡಿಯ ದಾರಿಗಳಿಗಾಗಿ ಸಿನಲೋವಾ ಮತ್ತು ಹಲಿಸ್ಕೊ ಮಾದಕವಸ್ತು ಗ್ಯಾಂಗ್‌ಗಳು ಹೊಡೆದಾಡುತ್ತಿವೆ. 2023ರ ನವೆಂಬರ್‌ನಲ್ಲಿ ಜಪಾಟಿಸ್ತಾಗಳು ತಮ್ಮ ಸ್ವಾಯತ್ತ ಪುರಸಭೆಗಳನ್ನು ಮುಚ್ಚುತ್ತಿದ್ದೇವೆ ಎಂದಾಗ ಸುತ್ತಲಿನ ಈ ಹಿಂಸೆಯ ಬಗ್ಗೆಯೂ ಹೇಳಿದರು. 2024ರ ಜನವರಿಯಲ್ಲಿ ಯಾಶ್ಚಿಲಾನ್‌ಗೆ ಹೋಗುವ ದಾರಿ ಕಡಿದುಹೋಗಿದೆ ಎಂದು ಸರ್ಕಾರವೇ ಒಪ್ಪಿಕೊಂಡಿತು. ಜುಲೈನಲ್ಲಿ ಚಿಯಾಪಾಸ್‌ನ ನೂರಾರು ಜನ ಜೀವ ಉಳಿಸಿಕೊಳ್ಳಲು ಗ್ವಾಟೆಮಾಲಕ್ಕೆ ಓಡಿದರು. ನಲವತ್ತು ವರ್ಷದ ಹಿಂದೆ ನಿರಾಶ್ರಿತರು ಬಂದ ದಾರಿ ಈಗ ತಿರುಗಿ ನಡೆಯುತ್ತಿದೆ.

ಇದರ ನಡುವೆಯೇ, 2025ರ ಆಗಸ್ಟ್ 15ರಂದು ಮೆಕ್ಸಿಕೊ, ಗ್ವಾಟೆಮಾಲ, ಬೆಲೀಸ್ ಮೂರೂ ದೇಶಗಳ ನಾಯಕರು ಮೆಕ್ಸಿಕೊದ ಕಲಾಕ್ಮುಲ್‌ನಲ್ಲಿ ಸೇರಿ 57 ಲಕ್ಷ ಹೆಕ್ಟೇರಿನ ಮಾಯಾ ಮಹಾಕಾಡು ಕಾರಿಡಾರ್ ಘೋಷಿಸಿದರು. ಕಾಡಿನ ಪ್ರಾಣಿಗೆ ಗಡಿ ಗೊತ್ತಿಲ್ಲ, ಹಾಗಾಗಿ ವಿಚಾರ ಸರಿಯಾಗಿಯೇ ಇದೆ. ಕಾರಿಡಾರ್‌ನಲ್ಲಿ ಏನು ಕಟ್ಟಬಹುದು, ಏನು ಬೇಡ ಎಂದು ನೋಡಲು ಪರಿಸರ ಇಲಾಖೆಗಳ ಜೊತೆ ಆದಿವಾಸಿ ಪ್ರತಿನಿಧಿಗಳಿಗೂ ಮಂಡಳಿಯಲ್ಲಿ ಜಾಗ ಕೊಡುತ್ತೇವೆ ಎಂದಿದ್ದಾರೆ. ಈ ಕಾಡಿನಿಂದ ಆ ಜಾಗಕ್ಕೆ ಯಾರನ್ನು ಕಳಿಸುತ್ತಾರೆ? ಲಕಾಂದೋನ್ ಸಮುದಾಯದ ಅಧ್ಯಕ್ಷರನ್ನೋ? ನುಯೆವಾ ಪಾಲೆಸ್ತಿನಾದ ತ್ಸೆಲ್ತಾಲರನ್ನೋ? ಮೊಂತೆಸ್ ಅಸೂಲೆಸ್ ಒಳಗೆ ಪಟ್ಟಾ ಇಲ್ಲದೆ ಎರಡು ತಲೆಮಾರಿನಿಂದ ಮೆಕ್ಕೆಜೋಳ ಬಿತ್ತುತ್ತಿರುವವರನ್ನಂತೂ ಕರೆಯುವ ಲಕ್ಷಣ ನನಗೆ ಕಾಣುತ್ತಿಲ್ಲ. ಅವರಿಲ್ಲದೆ ಎಳೆದ ಗೆರೆಯನ್ನು ಕಾಯಲು ಮತ್ತೆ ಪೊಲೀಸರನ್ನೇ ಕಳಿಸಬೇಕಾಗುತ್ತದೆ.